ಅತ್ತೆ ಕೊನೆಗೆ ಕೇಳಿದ್ದು

ತೀರಿಕೊಂಡ ಅತ್ತೆಯ ತಲೆ ಬಾಚಿ ಸೊಸೆ ಜಡೆ ಹೆಣೆಯುತ್ತಿದ್ದಾಗ ಗಂಡ ಬಂದು ಅವಳ ಪಕ್ಕದಲ್ಲಿ ಒಂದು ಜೊತೆ ಬಟ್ಟೆ ಇಟ್ಟ. ಇಸ್ತ್ರಿ ಮಾಡಿದ್ದು, ಮಣಿಕಟ್ಟಿನವರೆಗೂ ತೋಳಿದ್ದದ್ದು.

"ಇದನ್ನ ಹಾಕ್ಕೊ. ಜನ ಬರ್ತಿದಾರೆ," ಎಂದ, ಯಾವಾಗಿನಂತೆ ಮೆಲ್ಲಗೆ.

ದನಿ ಎತ್ತಿ ಗೊತ್ತಿಲ್ಲದ ಅವನನ್ನು ಬೀದಿಯವರೆಲ್ಲ ಸಾಧು ಎಂದೇ ಕರೆಯುತ್ತಿದ್ದರು. ಅವನ ಮನೆ ಬಿಟ್ಟು ವರ್ಷವಾಗಿದ್ದರೂ ಅವಳ ಕೈ ತಾನಾಗಿ ನಿಂತಿತು. ಆಮೇಲೆ ಮತ್ತೆ ಬಾಚತೊಡಗಿದಳು. ಬಟ್ಟೆ ಮುಟ್ಟಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತ ಹೆಂಗಸರು ಸತ್ತವಳ ಗುಣಗಾನ ಮಾಡುತ್ತಿದ್ದರು. ಅವಳು ಇಸ್ತ್ರಿ ಹಾಕಿದರೆ ಹಳೇ ಬಟ್ಟೆಯೂ ಆಗತಾನೆ ಕೊಂಡು ತಂದ ಹಾಗಿರುತ್ತಿತ್ತು ಎಂದಳು ಹಾಲಿನವಳು. ಅದರ ಬೆನ್ನಿಗೇ ಇನ್ನೊಂದು ಮಾತೂ ಬಂತು: ಊರವರ ಬಟ್ಟೆಯ ಸುಕ್ಕು ತೆಗೆದವಳು ಹೆತ್ತ ಮಗನ ಸಂಸಾರವನ್ನೇ ಮುದುರಿಹಾಕಿದಳಂತೆ. ಸೊಸೆಗೆ ಕೇಳಿಸಲಿ ಎಂದೇ ಆಡಿದ್ದು. ಊರ ಬಾಯಿಗೆ ಸಾವಿನ ಮನೆಯಾದರೇನು, ಮದುವೆ ಮನೆಯಾದರೇನು!

*

ಹೆಂಡತಿ ಏನು ಉಡಬೇಕೆಂದು ಮಗ ದಿನಾ ತಾನೇ ಆರಿಸಿ ಮಂಚದ ಮೇಲಿಡುತ್ತಾನೆ ಎಂದು ಅತ್ತೆ ಇಸ್ತ್ರಿ ಅಂಗಡಿಗೆ ಬಂದವರಿಗೆಲ್ಲ ಹೇಳಿ ಬೀಗುತ್ತಿದ್ದ ಕಾಲವೊಂದಿತ್ತು. ಅವಳ ಫೋನು ಅವನೇ ಎತ್ತುತ್ತಾನೆ, ತವರಿಗೂ ಒಬ್ಬಳನ್ನೇ ಕಳಿಸುವುದಿಲ್ಲ, ಅಷ್ಟು ಪ್ರೀತಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ.

ಒಂದು ಬಿರುಬೇಸಿಗೆಯಲ್ಲಿ ಮಗನ ಮನೆಯಿಂದ ಬಂದ ಗಂಟಿನಲ್ಲಿ ಸೊಸೆಯ ಬಟ್ಟೆಗಳೆಲ್ಲ ತುಂಬುತೋಳಿನವೇ ಇದ್ದವು. ಇಷ್ಟು ಸೆಕೆಯಲ್ಲಿ ಯಾಕೆ ಎಂದು ಅತ್ತೆ ಇಸ್ತ್ರಿ ನಿಲ್ಲಿಸಿ ಯೋಚಿಸಿದಳು. ಸಂಜೆ ಅವರ ಮನೆಗೆ ಹೋಗಿ, ಒಂದು ಮಾತೂ ಕೇಳದೆ ಸೊಸೆಯ ತೋಳು ಮೇಲಕ್ಕೆ ಸರಿಸಿದಳು. ಮೊಣಕೈವರೆಗೂ ನೀಲಿಗಟ್ಟಿತ್ತು.

ಮಾರನೆಯ ದಿನ ಅಂಗಡಿಗೆ ಬಾಗಿಲು ಹಾಕಿ, ತನ್ನಲ್ಲಿಗೇ ಬಟ್ಟೆ ಕೊಡುತ್ತಿದ್ದ ಆಪ್ತಸಮಾಲೋಚಕಿಯ ಬಳಿಗೆ ಸೊಸೆಯನ್ನು ಕರೆದೊಯ್ದಳು. ನಮ್ಮ ಯಜಮಾನರು ಒಳ್ಳೆಯವರೇ, ತಪ್ಪು ನನ್ನದೇ ಇರಬೇಕು ಎಂದಳು ಸೊಸೆ ಅಲ್ಲೂ. ಸಮಾಲೋಚಕಿ ವಾದಕ್ಕಿಳಿಯಲಿಲ್ಲ. ಸಂಜೆ ಅವನು ಚಪ್ಪಲಿ ಬಿಡುವ ಸದ್ದು ಕೇಳಿದಾಗ ನಿಮಗೆ ಏನಾಗುತ್ತದೆ ಎಂದಷ್ಟೇ ಕೇಳಿದಳು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಅತ್ತುಬಿಟ್ಟಳು.

"ಪ್ರೀತಿ ಅಂದ್ಕೊಂಡಿದ್ದೆ ಕಣಮ್ಮ. ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದೆ."

ಅಂದಿನಿಂದ ಸೊಸೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆಯ ಜೊತೆಗಿದ್ದಳು. ವಾರಕ್ಕೊಮ್ಮೆ ಸಮಾಲೋಚಕಿಯಲ್ಲಿಗೆ ಹೋಗುತ್ತಿದ್ದಳು. ಮಗ ಬಂದಾಗಲೆಲ್ಲ ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

*

ಈಗ ಅಡ್ಡ ನಿಲ್ಲುವವರಿಲ್ಲ. ಅತ್ತೆಯ ತಮ್ಮ ಎಲ್ಲರ ಮುಂದೆ ಗಂಟಲು ಸರಿಮಾಡಿಕೊಂಡ. ಕೆಟ್ಟ ಮನುಷ್ಯನೇನಲ್ಲ, ಮುರಿದದ್ದನ್ನೆಲ್ಲ ಅಂಟಿಸಲು ಹೊರಡುವ ಪೈಕಿ.

"ನೋಡಮ್ಮ, ನೀವಿಬ್ರೂ ಒಂದಾಗ್ಬೇಕು ಅನ್ನೋದೇ ಅಕ್ಕನ ಕೊನೇ ಆಸೆ. ಮಣ್ಣು ಮುಗಿದ ಮೇಲೆ ಅವನ ಜೊತೆ ಮನೆಗೆ ಹೋಗ್ಬಿಡು. ಅವಳ ಜೀವಕ್ಕೂ ನೆಮ್ಮದಿ."

ಬೆಂಚಿನವರು ಹೌದು ಹೌದು ಎಂದರು. ಗಂಡ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಸತ್ತವರ ಬಾಯಲ್ಲಿ ಮಾತು ತುರುಕುವುದು ಎಷ್ಟು ಸಲೀಸು! ಅತ್ತೆ ಎದ್ದು ಬಂದು ಒಂದು ಸಲ ಗದರಬಾರದೇ ಅನ್ನಿಸಿ ಸೊಸೆಗೆ ದುಃಖ ಉಕ್ಕಿತು.

"ಕೊನೇಲಿ ಪಕ್ಕದಲ್ಲಿದ್ದವಳು ನಾನು, ಮಾವ," ಎಂದಳು. "ಇಸ್ತ್ರಿ ಪೆಟ್ಟಿಗೆ ಆರಿಸಿದ್ಯಾ ಅಂತ ಕೇಳಿದ್ರು. ಆರಿಸಿದೀನಿ ಅಂದೆ. ಕಣ್ಣು ಮುಚ್ಚಿದ್ರು. ಅಷ್ಟೇ. ನಾನು ಹೋಗಲ್ಲ."

ಹಾಲಿನವಳು ಆಚೆ ತಿರುಗಿ ಮೂಗು ಒರೆಸಿಕೊಂಡಳು.

ಗಾಡಿ ಬಂತು. ಅತ್ತೆಯನ್ನು ಹಿಂದೆ ಮಲಗಿಸಿದರು. ಗಂಡ ಮುಂದಿನ ಬಾಗಿಲು ತೆಗೆದು ಹಿಡಿದು, ಅವಳೊಬ್ಬಳಿಗೇ ಕೇಳಿಸುವಷ್ಟು ಸಣ್ಣಗೆ "ಬಾ" ಎಂದ. ಅವಳು ಅವನನ್ನು ದಾಟಿ ಹಿಂದಿನಿಂದ ಹತ್ತಿ ಕುಳಿತಳು. "ಬಾಗಿಲು ಹಾಕಿ, ಹೊತ್ತಾಯ್ತು," ಎಂದ ಚಾಲಕ. ಗಂಡ ಹಿಡಿದ ಬಾಗಿಲು ಬಿಡದೆ ನಿಂತೇ ಇದ್ದ. ಚಾಲಕ ಎಂಜಿನ್ ಚಾಲೂ ಮಾಡಿದಾಗ ಗಾಡಿ ಒಮ್ಮೆ ಕುಲುಕಿತು. ಅತ್ತೆಯ ತಲೆ ವಾಲದಂತೆ ಅವಳು ಎರಡೂ ಅಂಗೈ ಕೊಟ್ಟು ಹಿಡಿದುಕೊಂಡಳು.