ಕೈಬಿಗಿ

ಬೋಲ್ಟಕ್ಕನ ಬಲಗೈ ಈಗ ಪೂರ್ತಿ ಬಿಚ್ಚುವುದಿಲ್ಲ. ಹನ್ನೊಂದು ವರ್ಷ ಸ್ಪ್ಯಾನರ್ ಹಿಡಿದ ಕೈ. ಬೆಳಿಗ್ಗೆ ಎದ್ದರೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕು. ರಸ್ತೆ ಪಕ್ಕದ ಕಬ್ಬಿಣದ ಬೇಲಿಗೆ ನಟ್ಟು ಬೋಲ್ಟು ಹಾಕುವುದು ಅವಳ ಕೆಲಸ. ತಂಡದಲ್ಲಿ ಏಳು ಜನ. ಅವಳಿಗಿಂತ ಹಿರಿಯನೆಂದರೆ ಕಂಬ ನೆಡುವ ಸುತ್ತಿಗೆ ಮಾವ ಒಬ್ಬನೇ. ಅವನು ಮೂರು ಮಾತಿಗೆ ಒಂದು ಸಲ ‘ಹೂಂ’ ಅಂದರೆ ಹೆಚ್ಚು.

ಗುಡ್ಡದ ರಸ್ತೆಯಲ್ಲಿ ಮೂರು ತಿರುವು. ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗಿತ್ತು. ಬೇಲಿಯೆಂದರೆ ಮಾರಿಗೊಂದು ಕಬ್ಬಿಣದ ಕಂಬ, ಸೊಂಟದೆತ್ತರಕ್ಕೆ ಅಲೆಅಲೆಯಾದ ಉದ್ದನೆಯ ಪಟ್ಟಿ. ಕಾರು ಬಂದು ಗುದ್ದಿದರೆ ಪಟ್ಟಿ ಬಾಗಿ ತಡೆದುಕೊಳ್ಳುತ್ತದೆ. ಬೈಕಿನವನ ಪಾಡು ಬೇರೆ. ಅವನು ಬಿದ್ದರೆ ನೆಲಕ್ಕೆ ಅಂಟಿಕೊಂಡು ಜಾರುತ್ತಾನೆ. ಪಟ್ಟಿ ಅವನ ತಲೆಯ ಮೇಲೆಲ್ಲೋ ಉಳಿಯುತ್ತದೆ. ಎದುರಿಗೆ ಸಿಗುವುದು ಕಂಬದ ಅಂಚು, ಮಚ್ಚಿನ ಹಾಗೆ. ಅದಕ್ಕೇ ತಿರುವುಗಳಲ್ಲಿ ಪಟ್ಟಿಯ ಕೆಳಗೆ, ನೆಲ ಮುಟ್ಟುವಂತೆ ಇನ್ನೊಂದು ತಗಡು ಹಾಕಬೇಕೆಂದು ನಕ್ಷೆಯಲ್ಲೇ ಇತ್ತು. ಬಿದ್ದವನು ಕಂಬಕ್ಕೆ ಬಡಿಯದೆ ತಗಡಿಗೆ ಉಜ್ಜಿಕೊಂಡು ನಿಲ್ಲಲಿ ಎಂದು. ತಂಡದವರು ಆ ತಗಡಿಗೆ ‘ಲಂಗ’ ಎನ್ನುತ್ತಿದ್ದರು.

ಮೂರು ತಿರುವಿಗೆ ಬೇಕಾದ ಲಂಗಗಳಲ್ಲಿ ಬಂದದ್ದು ಒಂದು ತಿರುವಿಗೆ ಆಗುವಷ್ಟು.

“ಪೂರಾ ಬಿಗಿಬೇಡ ಅಕ್ಕಾ, ಕೈಬಿಗಿ ಸಾಕು,” ಎಂದಿದ್ದ ಸೂಪರ್‌ವೈಸರ್, ಮೊದಲ ತಿರುವಿನಲ್ಲಿ. “ಎಂಜಿನಿಯರ್ ಸಾಹೇಬ್ರು ಫೋಟೋ ತಗೊಂಡು ಹೋಗ್ಲಿ. ಆಮೇಲೆ ಬಿಚ್ಚಿ ಮೇಲಿನ ತಿರುವಿಗೆ ಹಾಕೋಣ.”

“ಇಲ್ಲಿಗೆ?”

“ಇಲ್ಲಿಗೆ ಬೇರೆ ಬರುತ್ತೆ.”

ಬೇರೆ ಬರಲಿಲ್ಲ. ಕೈಯಿಂದ ತಿರುಗಿಸಿದ ನಟ್ಟು ಕೈಯಿಂದಲೇ ಬಿಚ್ಚಿ ಬಂತು. ಎರಡನೆಯ ತಿರುವಿನಲ್ಲೂ ಅದೇ ಲಂಗ, ಅದೇ ಫೋಟೋ.

“ಕಂಟ್ರಾಕ್ಟರ್ ಧಣೀದೂ ಕೈಬಿಗಿ, ಬೋಲ್ಟೂ ಕೈಬಿಗಿ,” ಎಂದು ಬಣ್ಣ ಬಳಿಯುವವನು ನಕ್ಕಿದ್ದ. “ಮೂರು ಜನ ಅಕ್ಕತಂಗೀರಿಗೆ ಒಂದೇ ಲಂಗ. ಒಬ್ಳು ಆಚೆ ಹೋದ್ರೆ ಇನ್ನಿಬ್ರು ಮನೇಲಿ!”

ಎಲ್ಲರೂ ನಕ್ಕಿದ್ದರು. ಬೋಲ್ಟಕ್ಕನೂ ನಕ್ಕಿದ್ದಳು.

ಎಂಟು ದಿನದ ಹಿಂದೆ ಮೊದಲ ತಿರುವಿನಲ್ಲಿ ಒಬ್ಬ ದರ್ಜಿ ಬಿದ್ದ. ಹಿಂದಿನ ಸೀಟಿಗೆ ಹೊಲಿದ ಬಟ್ಟೆಯ ಗಂಟು ಕಟ್ಟಿಕೊಂಡು ಮೆಲ್ಲಗೇ ಬರುತ್ತಿದ್ದ. ರಸ್ತೆಯ ಮೇಲೆ ಮರಳಿತ್ತು. ಗಾಡಿ ಮಲಗಿತು. ಪ್ಯಾಂಟು ಕೊಡವಿಕೊಂಡು ಎದ್ದು, ನಾಲ್ಕು ಜನರ ಮುಂದೆ ನಾಚಿಕೊಂಡು ಹೋಗಬೇಕಾಗಿತ್ತು, ಅಷ್ಟು ಸಣ್ಣದಾಗಿ ಬಿದ್ದಿದ್ದ. ಅವನು ಏಳಲಿಲ್ಲ. ಮೊದಲು ಓಡಿ ಮುಟ್ಟಿದವಳು ಬೋಲ್ಟಕ್ಕ. ಅವನ ಕುತ್ತಿಗೆಯ ಪಕ್ಕದ ಕಂಬದಲ್ಲಿ ಎರಡು ತೂತು ಕಂಡವು, ಖಾಲಿ. ಅಲ್ಲಿಂದ ಲಂಗದ ಬೋಲ್ಟು ಬಿಚ್ಚಿದ್ದು ಅವಳದೇ ಕೈ.

“ಸ್ಪೀಡು,” ಎಂದ ಸೂಪರ್‌ವೈಸರ್. “ಈ ಬೈಕಿನೋರೇ ಹೀಗೆ.”

ಅಂದಿನಿಂದ ಅವಳಿಗೆ ಭಯ ಹಿಡಿದಿತ್ತು. ಬೈಕಿನ ಸದ್ದು ಕೇಳಿದರೆ ಸ್ಪ್ಯಾನರ್ ನಿಲ್ಲುತ್ತಿತ್ತು. ಅವಳ ತಮ್ಮ ದಿನಾ ಇದೇ ದಾರಿಯಲ್ಲಿ ಇಳಿಯುವವನು. ಮೇಲಿನ ಕೋಳಿ ಫಾರಂನಿಂದ ಮೊಟ್ಟೆಯ ಟ್ರೇಗಳನ್ನು ಎದೆಯೆತ್ತರ ಕಟ್ಟಿಕೊಂಡು ಒಂಬತ್ತಕ್ಕೆ ಬರುತ್ತಾನೆ. ಅಕ್ಕ ಕಂಡೊಡನೆ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಆ ಎರಡು ಹಾರ್ನು ಕೇಳಿದ ಮೇಲೆಯೇ ಅವಳು ಮುಂದಿನ ನಟ್ಟಿಗೆ ಕೈ ಹಾಕುತ್ತಿದ್ದಳು.

ಇವತ್ತು ಮೂರನೆಯ ತಿರುವು. ಎಂಜಿನಿಯರ್ ಹತ್ತಕ್ಕೆ ಬರುವವನಿದ್ದ.

“ಗೊತ್ತಲ್ಲಾ, ಕೈಬಿಗಿ,” ಎಂದು ಹೇಳಿ ಸೂಪರ್‌ವೈಸರ್ ಫೋನು ಹಿಡಿದು ಆಚೆ ಹೋದ.

ಒಂಬತ್ತಾಯಿತು. ಹಾರ್ನು ಇಲ್ಲ.

ಒಂಬತ್ತೂಕಾಲು. ಬೋಲ್ಟಕ್ಕ ನಟ್ಟು ತಿರುಗಿಸಿದಳು, ಕಿವಿ ಮಾತ್ರ ಮೇಲಿನ ರಸ್ತೆಯಲ್ಲಿತ್ತು. ಒಂದು ಲಾರಿ ಹೋಯಿತು. ಕಾರು ಹೋಯಿತು. ತಮ್ಮನಿಗೆ ಫೋನು ಮಾಡಿಸಿದಳು, ಎತ್ತಲಿಲ್ಲ. ಗಾಡಿ ಓಡಿಸುತ್ತಿದ್ದರೆ ಎತ್ತುವುದಿಲ್ಲ. ಬಿದ್ದಿದ್ದರೂ ಎತ್ತುವುದಿಲ್ಲ. ಕೆಟ್ಟದ್ದನ್ನು ನೆನೆಯಬಾರದು ಅಂದುಕೊಂಡಷ್ಟೂ ದರ್ಜಿಯ ಬಟ್ಟೆಯ ಗಂಟು ಕಣ್ಣಿಗೆ ಬಂತು.

“ಅಕ್ಕಾ,” ಎಂದ ಬಣ್ಣದವನು, ಮೆಲ್ಲಗೆ. “ಏನ್ ಮಾಡ್ತಿದ್ದೀ?”

ಅವಳು ಕೆಳಗೆ ನೋಡಿದಳು. ಕೈಯಲ್ಲಿ ಸ್ಪ್ಯಾನರ್ ಇತ್ತು. ಯಾವಾಗ ತೆಗೆದುಕೊಂಡಳೋ ಗೊತ್ತಿಲ್ಲ. ಹಿಂದೆ ಒಂಬತ್ತು ಲಂಗ ಪೂರ್ತಿ ಬಿಗಿದಾಗಿತ್ತು, ಮೈಭಾರವೆಲ್ಲ ಹಾಕಿ, ಕಬ್ಬಿಣ ಕಿರುಗುಟ್ಟುವ ಹಾಗೆ. ಭಯ ಕೈಗಿಳಿದು ತಾನೇ ತಿರುಗಿಸಿತ್ತು.

“ತಪ್ಪಾಯ್ತು ಕಣೋ. ಗ್ಯಾನ ಇರ್ಲಿಲ್ಲ.” ಬಿಚ್ಚಲೆಂದು ಸ್ಪ್ಯಾನರನ್ನು ಅವನತ್ತ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. ಬೆರಳು ಬಿಡಲಿಲ್ಲ.

ಸುತ್ತಿಗೆ ಮಾವ ಎದ್ದು ಬಂದ. ಅವಳನ್ನೊಮ್ಮೆ, ಬೋಲ್ಟನ್ನೊಮ್ಮೆ ನೋಡಿದ. ಮಂಡಿಯೂರಿ ಕುಳಿತು, ನಟ್ಟಿನಾಚೆ ಚಾಚಿದ್ದ ಬೋಲ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆದ. ಎರಡು ಏಟಿಗೆ ತುದಿ ಅಣಬೆಯಂತೆ ಹರಡಿತು. ಇನ್ನು ಆ ನಟ್ಟು ಯಾವ ಸ್ಪ್ಯಾನರಿಗೂ ಬರುವುದಿಲ್ಲ.

“ಮಾವಾ!” ಎಂದಳು ಬೋಲ್ಟಕ್ಕ. “ಕೆಲ್ಸ ಹೋಗುತ್ತೆ.”

“ಹೂಂ,” ಎಂದ ಮಾವ. “ಮುಂದಿಂದು ಬಿಗಿ.”

ಅವಳು ಬಿಗಿದಳು. ಅವನು ಬಡಿದ. ಉಳಿದವರು ಒಬ್ಬೊಬ್ಬರಾಗಿ ಬಂದು ತಗಡು ಎತ್ತಿ ಹಿಡಿದರು.

ಎಂಜಿನಿಯರ್ ಬಂದ, ಕಾರಿನಿಂದ ಇಳಿಯದೆ ಫೋಟೋ ತೆಗೆದ, ಹೋದ. ತಮ್ಮ ಮಾತ್ರ ಬಂದಿರಲಿಲ್ಲ.

“ಬಿಚ್ಚಿ ಈಗ,” ಎಂದ ಸೂಪರ್‌ವೈಸರ್. “ಲೋಡು ಮಾಡಿ. ಬೇರೆ ರಸ್ತೆಗೆ ಹೋಗ್ಬೇಕು ಇವು.”

ಯಾರೂ ಕದಲಲಿಲ್ಲ. ಅವನೇ ಬಗ್ಗಿ ಒಂದು ನಟ್ಟು ಹಿಡಿದ. ತಿರುಗಲಿಲ್ಲ. ಇನ್ನೊಂದು ಹಿಡಿದ. ಮುಖ ಕೆಂಪಾಯಿತು.

“ಯಾವಳೇ ಇದು ಮಾಡಿದ್ದು?”

ಬೋಲ್ಟಕ್ಕ ಮುಂದೆ ಬಂದಳು. “ನಾನೇ ಸಾರ್. ಕೈ ತಪ್ತು.”

“ಬಡಿದಿದ್ದು ನಾನು,” ಎಂದ ಮಾವ.

“ತಗಡು ಹಿಡಿದಿದ್ದು ನಾವು,” ಎಂದ ಬಣ್ಣದವನು. “ನೀವೂ ಬೈಕಲ್ಲೇ ಓಡಾಡೋರು ಸಾರ್. ಒಂದ್ಸಲ ಜಾರಿ ನೋಡಿ, ನಮ್ಮ ಕೆಲ್ಸ ಗಟ್ಟಿಯಾಗಿದೆ.”

“ಬಾಯ್ಮುಚ್ಚೋ! ಗ್ಯಾಸ್ ಕಟ್ಟರ್ ತರಿಸ್ತೀನಿ. ನಾಳೆಯಿಂದ ಒಬ್ರೂ ಈ ಕಡೆ ತಲೆ ಹಾಕ್ಬೇಡಿ.”

“ತರಿಸಿ ಸಾರ್,” ಎಂದಳು ಬೋಲ್ಟಕ್ಕ. “ಕತ್ತರಿಸುವಾಗ್ಲೂ ಒಂದು ಫೋಟೋ ತೆಗೀರಿ. ಇಲ್ದಿದ್ರೆ ನಾವು ತೆಗೀತೀವಿ.”

ಆಗ ಮೇಲಿನಿಂದ ಹಾರ್ನು ಕೇಳಿಸಿತು. ಎರಡು ಸಲ.

ತಮ್ಮ ಗಾಡಿ ನಿಲ್ಲಿಸಿದ. “ಏನಕ್ಕಾ, ಹೆಣ ನೋಡ್ದಂಗೆ ನೋಡ್ತೀಯ? ಪಂಕ್ಚರ್ ಆಗಿತ್ತು ಮಾರಾಯ್ತಿ.”

“ಫೋನು ಎತ್ತಕ್ಕೇನೋ ದೊಡ್ರೋಗ ನಿಂಗೆ!” ಎಂದು ಅವನ ಬೆನ್ನಿಗೊಂದು ಗುದ್ದಿ, ಅಲ್ಲೇ ಅತ್ತುಬಿಟ್ಟಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಹೊತ್ತಾಗಿತ್ತು, ಅಂಗಡಿಯವರು ಕಾಯುತ್ತಿದ್ದರು. ಗಾಡಿ ಹೊರಡಿಸಿದ.

“ಕೆಳಗಿನ ಎರಡೂ ತಿರುವು ದಾಟಿದ್ಮೇಲೂ ಹಾರ್ನ್ ಹೊಡೀ ಕಣೋ!” ಎಂದು ಕೂಗಿದಳು. ಅವನು ಕೈ ಎತ್ತಿದ. ಲಂಗ ತೊಟ್ಟ ಬೇಲಿಯನ್ನು ದಾಟಿ, ಗುಡ್ಡದ ಮರೆಗೆ, ಬರಿಗಂಬಗಳ ಕಡೆಗೆ ಇಳಿದುಹೋದ.

ಸೂಪರ್‌ವೈಸರ್ ಫೋನಿನಲ್ಲಿ ಕೂಗಾಡತೊಡಗಿದ.

“ಸ್ವಲ್ಪ ಸುಮ್ನಿರಯ್ಯಾ,” ಎಂದ ಸುತ್ತಿಗೆ ಮಾವ. “ಕೇಳಿಸ್ಬೇಕು.”

ಏಳು ಜನವೂ ಕೆಳಗಿನ ರಸ್ತೆಗೆ ಕಿವಿಗೊಟ್ಟು ನಿಂತರು.