ದೇವಿಯ ಮುಂದೆ ಊದುವ ಮಟ್ಟು

ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿಕೊಂಡು ಬೆಳಗಿನ ಅಭ್ಯಾಸ ಮಾಡುವ ಕಲಾವಿದ ತೈವಾನಿನಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ವಿಳಾಸ ಕೊಡಿ. ತಿಯೆನ್‌ಫುವಿಗೆ ಜೊತೆಯಾದರೂ ಆದೀತು. ತೈನಾನ್ ಊರಿನ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿಯಲ್ಲಿ ಅವನ ಮನೆ. ಅವನು ಊದುವ ಸ್ವೋನಾ ನಮ್ಮ ಓಲಗದ ಕುಲಕ್ಕೆ ಸೇರಿದ್ದು. ಉದ್ದ ಒಂದು ಮೊಳ, ಸದ್ದು ಮೂರು ಬೀದಿಗಾಗುವಷ್ಟು. ಬೆಳಿಗ್ಗೆ ಅದನ್ನು ಬಾಯಿಗಿಟ್ಟರೆ ಸಾಕು, ಮೇಲಿನ ಮಹಡಿಯ ಪಾನ್ ಮೇಷ್ಟ್ರು ಪೊರಕೆಯ ಹಿಡಿಯಿಂದ ನೆಲ ಕುಟ್ಟುತ್ತಿದ್ದರು. ಅದಕ್ಕೇ ವಾದ್ಯದ ಹಿತ್ತಾಳೆ ಬಾಯಿಗೆ ಒದ್ದೆ ಟವೆಲು ತುರುಕಿ, ಚಳಿಗಾಲದ ಕೋಟುಗಳ ನಡುವೆ ಮುಖವಿಟ್ಟು ಊದುತ್ತಿದ್ದ. ಗಂಡನ ಸಂಗೀತಕ್ಕೆ ನುಸಿಗುಳಿಗೆಯ ವಾಸನೆ ಹತ್ತಿದೆ ಎಂದು ಹೆಂಡತಿ ಲೀಯುನ್ ಹೇಳುವುದರಲ್ಲಿ ಸುಳ್ಳೇನಿಲ್ಲ.

ಆ ಮಂಗಳವಾರ ಕೋಟುಗಳೂ ಅವನ ಕೈಬಿಟ್ಟವು. ಅವನಿಗೊಂದು ಹೊಸ ಮಟ್ಟು ಬೇಕಾಗಿತ್ತು. ಅದೂ ಸಂಜೆ ಏಳು ಗಂಟೆಯೊಳಗೆ.

ಬರುವ ತಿಂಗಳು ಕಡಲು ಕಾಯುವ ಮಾಜು ದೇವಿಯ ಹುಟ್ಟುಹಬ್ಬ. ಪಲ್ಲಕ್ಕಿಯ ಮುಂದೆ ಮೊದಲು ತಿಯೆನ್‌ಫುವಿನ ಅಪ್ಪ ಊದುತ್ತಿದ್ದ, ಅವನು ಹೋದಮೇಲೆ ಮೂವತ್ತೊಂದು ವರ್ಷ ಇವನು. ಗುಡಿಯ ಸಮಿತಿಗೆ ಅಧ್ಯಕ್ಷ ಲೀಯುನಳ ಅಣ್ಣ ವಾನ್‌ತ್ಸಾಯ್. ಅದೇ ಗಲ್ಲಿಯಲ್ಲಿ ಎದುರು ಮನೆ. ಹಿಂದಿನ ದಿನ ಅವನು ಮೆಟ್ಟಿಲ ಮೇಲೇ ತಡೆದು ನಿಲ್ಲಿಸಿದ್ದ.

"ನೋಡಪ್ಪ, ನನ್ನ ತಂಗಿ ಗಂಡ ಅಂತ ಬಾಯಿಬಿಟ್ಟು ಹೇಳ್ತಾ ಇದೀನಿ. ಹೋದ ವರ್ಷ ಪಲ್ಲಕ್ಕಿ ನಮ್ಮ ಗಲ್ಲೀಲಿ ಹೋದಾಗ ಎಷ್ಟು ಜನ ಹೊರಗೆ ಬಂದ್ರು ಗೊತ್ತಾ? ಒಂಬತ್ತು. ಅದ್ರಲ್ಲಿ ಎರಡು ನಾಯಿ."

"ನಾಯೀನ ಯಾಕೆ ಲೆಕ್ಕಕ್ಕೆ ಹಿಡೀತೀಯ ಭಾವ?"

"ಹಿಡೀದಿದ್ರೆ ಏಳೇ ಆಗುತ್ತಲ್ಲೋ! ಮಿಕ್ಕವರೆಲ್ಲ ಕಿಟಕಿಯಿಂದ ಇಣುಕಿ, ಓ ಇವನೇನಾ ಅಂತ ಒಳಗೆ ಹೋದ್ರು. ಸಮಿತಿಯವರು ಬಣ್ಣದ ದೀಪ, ದೊಡ್ಡ ಸ್ಪೀಕರ್ ಇರೋ ಲಾರಿ ನೋಡಿ ಬಂದಿದಾರೆ. ನಾಳೆ ಏಳಕ್ಕೆ ಮೀಟಿಂಗು. ಜನ ಮನೆಯಿಂದ ಎದ್ದು ಬರೋಂಥ ಹೊಸ ಮಟ್ಟು ಇದ್ರೆ ತಗೊಂಡು ಬಾ. ಇಲ್ಲಾಂದ್ರೆ ನೀನು ಲಾರಿ ಹಿಂದೆ."

ಲಾರಿಯ ಹಿಂದೆ! ಹೊಗೆ ಕುಡಿಯುತ್ತ! ತಿಯೆನ್‌ಫುವಿಗೆ ರಾತ್ರಿಯ ಊಟವೇ ರುಚಿಸಲಿಲ್ಲ. ಅಪ್ಪ ನಡೆದ ಜಾಗ ಅದು. ಅಲ್ಲಿಂದ ತನ್ನನ್ನು ಹಿಂದಕ್ಕೆ ತಳ್ಳಿದರೆ ಮತ್ತೆ ವಾದ್ಯ ಮುಟ್ಟಲಾರೆ ಅನ್ನಿಸಿತು.

ಹಾಗಂತ ಮನೆಗೆಲಸ ಬಿಟ್ಟೀತೇ? ಮಗಳ ಬಾಣಂತನಕ್ಕೆ ಲೀಯುನ್ ಗಾವ್‌ಶಿಯೊಂಗಿಗೆ ಹೋಗಿ ಆರು ದಿನವಾಗಿತ್ತು. ಬೆಳಿಗ್ಗೆ ಎದ್ದು ಅಕ್ಕಿ ತೊಳೆದಿಟ್ಟು, ಅದು ನೆನೆಯುವ ಹೊತ್ತಿಗೆ ಉಸಿರಿನ ಅಭ್ಯಾಸಕ್ಕೆ ಕೂತ. ಲೋಟದ ನೀರಿಗೆ ಹೀರುಕೊಳವೆ ಇಳಿಬಿಟ್ಟು ಊದಬೇಕು. ಮೂಗಿನಿಂದ ಉಸಿರು ಎಳೆಯುತ್ತಿರುವಾಗಲೂ ಗುಳ್ಳೆ ನಿಲ್ಲಬಾರದು. ನಾಲ್ಕು ನಿಮಿಷ ಗುಳುಗುಳು ನಡೆದಿತ್ತು, ಅಷ್ಟರಲ್ಲಿ ಲೀಯುನಳ ಫೋನು.

"ಅದೇನ್ರೀ ಸದ್ದು? ನಲ್ಲಿ ಬಿಟ್ಟು ಬಂದಿದೀರಾ?"

"ಅಭ್ಯಾಸ ಕಣೇ."

"ಫ್ರಿಜ್ಜಿನ ಮೇಲಿನ ಖಾನೇಲಿ ಮೀನಿನ ತಲೆ ಇದ್ವಲ್ಲ, ಎಸೆದ್ರಾ?"

"ಹೂಂ... ಹೆಚ್ಚು ಕಡಿಮೆ."

"ಹೆಚ್ಚೆಷ್ಟು, ಕಡಿಮೆಯೆಷ್ಟು?"

ಮೂರು ಸಲ ಕಸದ ಗಾಡಿ ತಪ್ಪಿಸಿಕೊಂಡಿದ್ದೇನೆ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ. ತೈನಾನಿನಲ್ಲಿ ಕಸವನ್ನು ಬೀದಿಯಲ್ಲಿಟ್ಟು ಬರುವಂತಿಲ್ಲ. ಗಾಡಿ ತನ್ನ ಹಾಡು ಹಾಡಿಕೊಂಡು ಗಲ್ಲಿಯ ಬಾಯಿಗೆ ಬಂದು ಎರಡು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಚೀಲ ಹಿಡಿದು ಓಡಿಬಂದು ಅವರವರ ಕಸ ಅವರೇ ಎಸೆಯಬೇಕು.

"ನಾನು ಇವತ್ತು ರಾತ್ರಿ ಎಂಟಕ್ಕೆ ಮನೇಲಿರ್ತೀನಿ. ಗಾಡಿ ಆರೂ ನಲವತ್ತಕ್ಕೆ. ನಾಳೆ ಬುಧವಾರ, ಗಾಡಿ ಇಲ್ಲ. ಕಿವಿ ಪೂರ್ತಿ ಆ ಹಾಡಿನ ಕಡೆಗೇ ಇರಲಿ, ಗೊತ್ತಾಯ್ತಾ?" ಎಂದು ಅವಳು ಫೋನಿಟ್ಟಳು. ತಿಯೆನ್‌ಫು ವಿಧೇಯ ಗಂಡ. ಕಿವಿಯನ್ನು ಅಲ್ಲೇ ಇಟ್ಟ.

ಹತ್ತು ಗಂಟೆಗೆ ಮೊದಲ ಮಟ್ಟು ಹುಟ್ಟಿತು. ಊದಿ ನೋಡಿದ. ಮೇಲಿನಿಂದ ಪಾನ್ ಮೇಷ್ಟ್ರು ಕಿಟಕಿಯಲ್ಲಿ ಬಗ್ಗಿ ಕೇಳಿದರು. "ಯಾರಪ್ಪಾ ಹೋಗಿದ್ದು?"

"ಯಾರೂ ಹೋಗಿಲ್ಲ ಸಾರ್. ದೇವಿ ಹುಟ್ಟುಹಬ್ಬಕ್ಕೆ ಹೊಸ ಮಟ್ಟು."

"ಹೌದಾ? ನಾನು ಬಿಳಿ ಅಂಗಿ ಹಾಕ್ಕೊಂಡೂ ಆಯ್ತು."

ತಿಂಗಳಿಗೆ ಹದಿನೈದು ಸಾವಿಗೆ ಊದುವವನ ಬೆರಳು ಅದೇ ದಾರಿ ಹಿಡಿದರೆ ಯಾರನ್ನು ಬೈಯುವುದು? ಎರಡನೆಯ ಮಟ್ಟಿಗೆ ತನಗೇ ಆಕಳಿಕೆ ಬಂತು. ಮೂರನೆಯದನ್ನು ಊದುತ್ತಿರುವಾಗ ಒಲೆಯ ಮೇಲಿನ ಗಂಜಿ ತಳ ಹಿಡಿಯಿತು. ಪಾತ್ರೆ ಉಜ್ಜಿದ, ಜೊಂಡಿನ ಪೀಪಿಯನ್ನು ಬ್ಲೇಡಿನಿಂದ ಹೆರೆದು ತೆಳ್ಳಗೆ ಮಾಡಿದ, ಹೆಚ್ಚು ತೆಳ್ಳಗಾಗಿ ಹಾಳಾಯಿತು, ಇನ್ನೊಂದು ಹೆರೆದ. ನಾಲ್ಕು ಗಂಟೆಯಾದರೂ ಕಾಗದದ ಮೇಲೆ ಒಂದು ಸ್ವರವೂ ಉಳಿದಿರಲಿಲ್ಲ. "ಥೂ ನನ್ನ ಜನ್ಮಕ್ಕಿಷ್ಟು!" ಎಂದು ಬಟ್ಟೆ ಹರವಲು ಬಾಲ್ಕನಿಗೆ ಹೋದ.

ಎರಡನೇ ಬನಿಯನ್ನಿಗೆ ಕ್ಲಿಪ್ಪು ಹಾಕುವಾಗ ತಾನೇನೋ ಗುನುಗುತ್ತಿದ್ದೇನೆ ಎಂಬುದು ಗಮನಕ್ಕೆ ಬಂತು. ಚುರುಕಾದ ಒಂದು ಸಾಲು, ಅದರ ಬೆನ್ನಿಗೇ ಇಳಿಜಾರಿನಲ್ಲಿ ಹೆಜ್ಜೆ ಹಾಕಿದಂಥ ಇನ್ನೊಂದು. ಅಯ್ಯೋ, ಸಿಕ್ಕಿಬಿಟ್ಟಿತು! ಇದನ್ನು ಕೇಳಿ ಯಾರು ಒಳಗೆ ಕೂತಾರು? ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಬರೆದುಕೊಂಡ, ಅಳಿಸಿದ, ತಿದ್ದಿದ. ಆರೂ ಹತ್ತಕ್ಕೆ ಪೂರ್ತಿಯಾಯಿತು. ಖುಷಿಗೆ ಕಣ್ಣು ಒದ್ದೆಯಾಗಿ, ಟವೆಲೂ ಮರೆತು ಬೀರುವೂ ಮರೆತು, ಕಿಟಕಿಯನ್ನು ಪೂರ್ತಿ ತೆರೆದು, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಊದಿದ.

ಎದುರು ಮನೆಯ ಬಾಗಿಲು ದಡಾರನೆ ತೆರೆಯಿತು. ಪಕ್ಕದ್ದೂ. ಅದರ ಪಕ್ಕದ್ದೂ! ಮೆಟ್ಟಿಲುಗಳ ಮೇಲೆ ಚಪ್ಪಲಿಗಳು ಪಟಪಟ ಸದ್ದು ಮಾಡಿದವು. ಜನ ಬಂದರು, ಮನೆ ಮನೆಯಿಂದ ಓಡೋಡಿ ಬಂದರು. ಊದುತ್ತಲೇ ಬಗ್ಗಿ ನೋಡಿದ ತಿಯೆನ್‌ಫುವಿನ ಎದೆ ಉಬ್ಬಿತು. ಆಮೇಲೆ ಅವರ ಕೈ ನೋಡಿದ. ಎಲ್ಲರ ಕೈಯಲ್ಲೂ ಕಸದ ಚೀಲ.

ಹೋದ ಚಂಡಮಾರುತದಲ್ಲಿ ನೆಂದಾಗಿನಿಂದ ಗಾಡಿಯ ಸ್ಪೀಕರು ಸ್ವೋನಾದ ಹಾಗೆಯೇ ಕಿರುಚುತ್ತಿತ್ತು. ಇವನು ದಿನವಿಡೀ ಕಿವಿಗೊಟ್ಟು ಕಾದ ಹಾಡು ಇವನ ಬೆರಳಿಗೇ ಇಳಿದಿತ್ತು. ಹೊಸ ಮಟ್ಟಿನ ಮೊದಲ ಸಾಲು ಕಸದ ಗಾಡಿಯದು!

"ಗಾಡಿ ಎಲ್ಲಿ?" ಎಂದರು ಪಾನ್ ಮೇಷ್ಟ್ರು, ಅದೇ ಬಿಳಿ ಅಂಗಿಯಲ್ಲಿ, ಬೆಳಗಿನ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು.

ಮೂರನೇ ನಂಬರಿನ ಚ್ಯೂ ಅಜ್ಜಿಗೆ ಎಂಬತ್ತನಾಲ್ಕು. ನಾಲ್ಕು ಕಾಲಿನ ಊರುಗೋಲಿಗೆ ಚೀಲ ನೇತುಹಾಕಿಕೊಂಡು ನಿಂತಿದ್ದವಳು ಕತ್ತೆತ್ತಿದಳು. "ಗಾಡಿ ಅಲ್ಲ ಕಣ್ರೋ, ಅಲ್ಲಿ ನೋಡಿ, ಮೇಲ್ಗಡೆ. ನಮ್ಮ ತಿಯೆನ್‌ಫು! ಲೋ ಮುಂಡೇದೇ, ಇಳಿಯೋ ಕೆಳಗೆ!"

ವಾದ್ಯ ಹಿಡಿದೇ ಇಳಿದ. ಬೈಗುಳ ಎಲ್ಲ ದಿಕ್ಕಿನಿಂದ ಬಂತು. ಒಬ್ಬಳು ತಲೆಗೆ ಹಚ್ಚಿದ ಬಣ್ಣ ಒಣಗುವ ಮೊದಲೇ ಬಂದಿದ್ದಳು, ಒಬ್ಬ ಅರ್ಧ ಗಡ್ಡ ಹೆರೆದುಕೊಂಡು ಬಂದಿದ್ದ. ಎರಡು ಕೈಯಲ್ಲೂ ಚೀಲ ಹಿಡಿದಿದ್ದ ವಾನ್‌ತ್ಸಾಯ್ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಇದೇನಾ ಹೊಸ ಮಟ್ಟು?" ಎಂದ.

ತಿಯೆನ್‌ಫುವಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. "ಹೂಂ ಭಾವ. ತಪ್ಪಾಯ್ತು. ಲಾರೀನೇ ಕರೆಸು."

"ಸುಮ್ನಿರೋ," ಎಂದಳು ಚ್ಯೂ ಅಜ್ಜಿ. "ಮೊದಲಿಂದು ಗಾಡೀದು, ಒಪ್ಕೋತೀನಿ. ಆಮೇಲಿಂದು ಗಾಡೀದಲ್ಲ. ನಿಮ್ಮಪ್ಪ ಪಲ್ಲಕ್ಕಿ ಮುಂದೆ ನಡೀತಿದ್ದನಲ್ಲ, ಆ ನಡಿಗೆ ಇದ್ದಂಗಿದೆ. ಗಾಡಿ ಬರೋಕೆ ಇನ್ನೂ ಹೊತ್ತಿದೆ. ಇಳಿದು ಬಂದಿದ್ದಂತೂ ಆಯ್ತು, ಮತ್ತೆ ಹತ್ತೋಕೆ ನನ್ನ ಮಂಡಿ ಕೇಳಲ್ಲ. ಆ ಕಡೇದು ಊದು, ಕೇಳೋಣ."

ಊದಿದ. ನಾಚಿಕೆಗೆ ಕಣ್ಣು ಮುಚ್ಚಿಕೊಂಡೇ ಊದಿದ. ಒಬ್ಬರೂ ಒಳಗೆ ಹೋಗಲಿಲ್ಲ. ಚೀಲ ಕೆಳಗಿಟ್ಟು ಗೋಡೆಗೊರಗಿದರು, ಇನ್ನೊಮ್ಮೆ ಎಂದರು, ಹಳೆಯದೊಂದು ಊದು ಎಂದರು. ಪಾನ್ ಮೇಷ್ಟ್ರು ಪೊರಕೆಯ ಹಿಡಿಯಿಂದ ತಾಳ ಹಾಕಿದರು. ಬೆಳಿಗ್ಗೆ ಯಾವ ಹಿಡಿಯಿಂದ ನೆಲ ಕುಟ್ಟುತ್ತಾರೋ ಅದೇ ಹಿಡಿ!

ಸ್ವೋನಾ ಮೂರು ಬೀದಿಗೆ ಕೇಳುತ್ತದೆ ಎಂದೆನಲ್ಲ. ಅದರ ಪಕ್ಕ ನಿಂತವರಿಗೆ ಬೇರೇನೂ ಕೇಳುವುದಿಲ್ಲ. ಗಲ್ಲಿಯ ಬಾಯಿಯಲ್ಲಿ ಗಾಡಿ ಬಂದು ನಿಂತದ್ದು, ಕಿರುಚಿದ್ದು, ಎರಡು ನಿಮಿಷ ಕಾದು ಹೊರಟದ್ದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹೆಂಗಸೊಬ್ಬಳು ತಲೆಯ ಬಣ್ಣ ಒರೆಸಿಕೊಳ್ಳುತ್ತ ಅತ್ತ ತಿರುಗಿ ಕಿಟಾರನೆ ಕಿರುಚಿದಳು. "ಗಾಡಿ ಹೋಯ್ತು! ನಾಳೆ ಬುಧವಾರ!"

ಇಡೀ ಗಲ್ಲಿ ಚೀಲ ಎತ್ತಿಕೊಂಡು ಓಡಿತು. ಪಾನ್ ಮೇಷ್ಟ್ರು ಚ್ಯೂ ಅಜ್ಜಿಯ ಚೀಲವನ್ನೂ ಕಿತ್ತುಕೊಂಡರು. "ಊದೋ!" ಎಂದು ಅಜ್ಜಿ ಹಿಂದಿನಿಂದ ಕೂಗಿದಳು. "ನಮ್ಮ ಗಂಟಲು ಗಾಡಿಯವನಿಗೆ ಕೇಳಲ್ಲ, ನಿನ್ನ ಕೊಳವೆ ಕೇಳುತ್ತೆ. ಮುಂದೆ ಹೋಗಿ ಊದು!"

ತಿಯೆನ್‌ಫು ಎಲ್ಲರಿಗಿಂತ ಮುಂದೆ ಓಡಿದ, ಓಡುತ್ತ ಊದಿದ. ಬೆಳಿಗ್ಗೆ ಲೋಟದಲ್ಲಿ ಪಳಗಿಸಿದ ಉಸಿರು ಒಮ್ಮೆಯೂ ಕಡಿಯಲಿಲ್ಲ. ಬಂದದ್ದು ಆ ಇಳಿಜಾರಿನ ಮಟ್ಟೇ. ಮಾರುಕಟ್ಟೆ ಬೀದಿಯ ಜನ ತಟ್ಟೆ ಬಿಟ್ಟು ಎದ್ದು ಬಂದರು. ತರಕಾರಿಯವಳು ಬಂದಳು. ಗಾಡಿ ತಪ್ಪಿಸಿಕೊಂಡ ಬೇರೆ ಗಲ್ಲಿಯವರು ಚೀಲ ಹಿಡಿದು ಸಾಲಿಗೆ ಸೇರಿಕೊಂಡರು. ಚೀಲವೇ ಇಲ್ಲದವರೂ ಸೇರಿಕೊಂಡರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ಔಷಧಿ ಅಂಗಡಿಯ ಮುಂದೆ ಗಾಡಿ ನಿಂತಿತು. ಡ್ರೈವರು ಇಳಿದು ಬಂದು ಟೋಪಿ ತೆಗೆದ. "ಯಾವ ದೇವರ ಮೆರವಣಿಗೆ ಸ್ವಾಮಿ ಇದು? ನಾನು ಗಾಡಿ ಪಕ್ಕಕ್ಕೆ ಹಾಕ್ಲಾ?"

ಚೀಲಗಳು ಒಂದಾದಮೇಲೊಂದು ಒಳಗೆ ಬಿದ್ದವು. ವಾನ್‌ತ್ಸಾಯ್ ತನ್ನ ಎರಡನ್ನೂ ಎಸೆದು, ಮಂಡಿಗೆ ಕೈಯೂರಿ ಏದುಸಿರು ಬಿಡುತ್ತ, ನಿಂತವರತ್ತ ಬೆರಳು ಆಡಿಸಿದ. ತುಟಿ ಅಲುಗುತ್ತಿತ್ತು.

"ಅರವತ್ತೆರಡು," ಎಂದ.

ತಿಯೆನ್‌ಫು ಮೆಲ್ಲಗೆ ಕೇಳಿದ. "ನಾಯಿ?"

"ನಾಯಿ ಬಿಟ್ಟು." ವಾನ್‌ತ್ಸಾಯ್ ಬೆವರು ಒರೆಸಿಕೊಂಡ. "ಏಳಕ್ಕೆ ನಾನೇ ಹೇಳ್ತೀನಿ ಅವರಿಗೆ, ಲಾರಿ ಬೇಡ ಅಂತ. ಮುಂದೆ ನೀನೇ ನಡಿ. ಆ ಮೊದಲನೇ ಸಾಲು ಮಾತ್ರ ತೆಗೆದುಬಿಡು ಮಾರಾಯ. ಇಲ್ಲಾಂದ್ರೆ ದೇವಿ ಎದುರಿಗೆ ಊರೆಲ್ಲ ಕಸ ತರುತ್ತೆ."

ತಿಯೆನ್‌ಫುವಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಗಾಡಿ ಕಿರುಚುತ್ತ ಹೊರಟು ತಿರುವಿನಲ್ಲಿ ಮರೆಯಾಯಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಅಲುಗಿತು.

"ರೈಲು ಹತ್ತಿದೀನಿ. ಏನಾಯ್ತು?" ಎಂದಳು ಲೀಯುನ್.

ತಿಯೆನ್‌ಫು ತನ್ನ ಕೈ ನೋಡಿಕೊಂಡ. ಮೆಟ್ಟಿಲು ಇಳಿದಾಗಿನಿಂದ ಅದರಲ್ಲಿದ್ದದ್ದು ಸ್ವೋನಾ ಒಂದೇ.

"ಅರವತ್ತೆರಡು ಜನ ಬಂದಿದ್ರು ಕಣೇ! ನಾಯಿ ಬಿಟ್ಟು! ನಾನೇ ಮುಂದೆ ಅಂತ ನಿಮ್ಮಣ್ಣ ಒಪ್ಪಿದಾನೆ!"

ಆ ಕಡೆ ರೈಲಿನ ಸದ್ದಿನ ನಡುವೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಹಂಗಾದ್ರೆ ಮೀನಿನ ತಲೆ ಫ್ರಿಜ್ಜಿನಲ್ಲೇ ಇದಾವೆ," ಎಂದಳು.