ಮುದಕಪ್ಪ ಗ್ವಾದಲಿಯಿಂದ ಎದ್ದು ಕೋರ್ಟಿಗೆ ಹೋದದ್ದು

ಕೋರ್ಟಿನ ಕಾಗದವನ್ನು ಕೈಯಿಂದ ಮುಟ್ಟದಿದ್ದರೆ ಖಟ್ಲೆ ಮೈಗೆ ಹತ್ತುವುದಿಲ್ಲ ಎಂದು ಮುದಕಪ್ಪನಿಗೆ ಯಾರು ಹೇಳಿದರೋ ತಿಳಿಯದು. ಹೇಳಿದವರು ಹೇಳಿ ಹೋದರು, ಕೇಳಿದವನು ಗ್ವಾದಲಿಯಲ್ಲಿ ಮಲಗಿದ. ಇದು ಅವನ ಎಮ್ಮೆ ಕಣ್ಣಾರೆ ಕಂಡ ಕಥೆ. ಅದು ಇವತ್ತಿನವರೆಗೆ ಇದರಲ್ಲಿ ಒಂದು ಮಾತನ್ನೂ ಅಲ್ಲಗಳೆದಿಲ್ಲ.

ಮುನವಳ್ಳಿಯ ಹೊಳೆ ದಾಟಿದರೆ ಸಿಗುವ ಹಳ್ಳಿ ಅವನದು. ಸವದತ್ತಿ ಕೋರ್ಟಿನ ಸಮನ್ಸು ತರುವ ಬೇಲೀಫ ಊರ ಅಗಸಿ ಬಾಗಿಲಲ್ಲಿ ಕಂಡದ್ದೇ ತಡ, ಮುದಕಪ್ಪ ಹಿತ್ತಲಿಗೆ ಓಡಿದ. ಎಮ್ಮೆಗೆ ಮೇವು ಹಾಕುವ ಗ್ವಾದಲಿಯಲ್ಲಿ ಉದ್ದಕ್ಕೆ ಮಲಗಿ ಮೇಲೆ ಜೋಳದ ಕಣಿಕೆ ಎಳೆದುಕೊಂಡ. "ಊರಾಗ ಇಲ್ರೀ" ಎಂದು ಹೆಂಡತಿ ಬಾಯವ್ವ ನೆಲ ನೋಡುತ್ತ ಹೇಳಿದಳು. ಬೇಲೀಫ ಸಮನ್ಸನ್ನು ಬಾಗಿಲಿಗೆ ಅಂಟಿಸಿ ನಡೆದ.

ಸಂಗತಿ ಇಷ್ಟೇ. ಇಪ್ಪತ್ತು ವರ್ಷಗಳ ಹಿಂದೆ ಮುದಕಪ್ಪನ ತಂದೆ ಮುನವಳ್ಳಿಯ ಸಾವಕಾರ ಶಟ್ಟೆಪ್ಪನ ಕಡೆಯಿಂದ ಸಾಲ ತಂದಿದ್ದ. ಬಂಡಿ ತುಂಬ ಹತ್ತಿ ಹಾಕಿ ತೀರಿಸಿಯೂ ಇದ್ದ. ತೀರಿಸಿದವನು ಸಾಲದ ಪತ್ರವನ್ನು ತಿರುಗಿ ಇಸಿದುಕೊಳ್ಳಲಿಲ್ಲ. ತಂದೆ ಹೋದ, ಪತ್ರ ಉಳಿಯಿತು. ಈಗ ಅದನ್ನೇ ಹಿಡಿದು ಶಟ್ಟೆಪ್ಪ ದಾವೆ ಹೂಡಿದ್ದ. ಕೋರ್ಟಿನಲ್ಲಿ ಸೋತರೆ ಮೊದಲು ಹರಾಜಿಗೆ ಬರುವುದು ಬಾಯವ್ವ ತವರಿನಿಂದ ತಂದ ಎಮ್ಮೆ. ಮನೆಯ ಹಾಲು, ಬೆಣ್ಣೆ, ಸಂತೆಯ ಖರ್ಚು ಎಲ್ಲ ಅದರ ಕೆಚ್ಚಲಲ್ಲೇ ಇತ್ತು.

ಮಗ್ಗುಲ ಮನೆಯ ಗುರುಬಸವ್ವ ಹಿಂದೆ ತನ್ನ ಹೊಲಕ್ಕಾಗಿ ಮೈದುನನ ಮೇಲೆ ಖಟ್ಲೆ ನಡೆಸಿ ಗೆದ್ದವಳು. ಕೋರ್ಟಿನ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಕುಳಿತು ಬಂದವಳು ಹೊಲದ ಜೊತೆಗೆ ಬೇಲೀಫನ ಕೆಮ್ಮು, ವಕೀಲರ ರಾಗ, ನ್ಯಾಯಾಧೀಶ ಸಾಹೇಬರ ಗತ್ತು ಎಲ್ಲವನ್ನೂ ಗಂಟಲಲ್ಲಿ ತುಂಬಿಕೊಂಡು ಬಂದಿದ್ದಳು. ಅವಳು ಬಾಗಿಲ ಮೇಲಿನ ಕಾಗದ ಓದಿ ಒಳಗೆ ಬಂದಳು.

"ತಮ್ಮಾ, ಸೋಮವಾರ ಸವದತ್ತಿಗೆ ಹೋಗಬೇಕಲಾ?"

"ನಾ ಅದನ್ನ ಮುಟ್ಟಂಗಿಲ್ಲ ಯಕ್ಕಾ. ಮುಟ್ಟಿದ್ರ ಸಾಲ ಒಪ್ಪಿಕೊಂಡಂಗ."

"ಹಂಗಾರ ಜ್ವರ ಬಂದಾಗ ವೈದ್ಯಗ ನಾಡಿ ತೋರಿಸಬ್ಯಾಡ, ಜ್ವರ ಒಪ್ಪಿಕೊಂಡಂಗ ಆಕ್ಕೈತಿ! ಕೇಳ ಇಲ್ಲೆ. ಸಾಲಕ್ಕೂ ಮುದತು ಅಂತ ಐತಿ. ಇಂತಿಷ್ಟ ವರ್ಷದೊಳಗ ಕೋರ್ಟಿಗೆ ಬರಬೇಕು, ಇಲ್ಲಾಂದ್ರ ದಾವೆ ನಿಲ್ಲಂಗಿಲ್ಲ. ನಿಂದು ಮುದತು ಮೀರಿದ್ದು. ಆದ್ರ ಅವ ಸುಳ್ಳ ಸೇರಿಸಿ ಹೇಳಿದ್ರ ಅಲ್ಲ ಅನ್ನಾಕ ನೀ ಅಲ್ಲಿರಬೇಕಲ್ಲ?"

"ಕೋರ್ಟಿಗೆ ಹೋದಾವ್ರು ಕಾಲಾನ ಕೆರವು ಸೈತ ತಿರಿಗಿ ತಂದಿಲ್ಲ."

"ನಾ ಹೊಲಾ ತಂದೇನಿ."

ಮುದಕಪ್ಪ ತಂಬಾಕು ತಿಕ್ಕಿದ. ಗುರುಬಸವ್ವ ಬಾಯವ್ವನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಬೇಲೀಫನ ಕೆಮ್ಮು ಕೇಳಿತು. ಮುದಕಪ್ಪ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಗ್ವಾದಲಿಗೆ ಹಾರಿದ. ದನಿಗಳು ಹಿತ್ತಲಿಗೇ ಬಂದವು.

"ಮುದಕಪ್ಪಾ ಹಾಜರ್ ಹೋ!" ಮೂರು ಸಲ ಕೂಗು. ಮುದಕಪ್ಪ ಕಣಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

ಆಮೇಲೆ ಶಟ್ಟೆಪ್ಪನ ಮೂಗಿನ ದನಿ: "ಸಾಲ ಹಳೇದ ಖರೆ, ರಾವಸಾಹೇಬರ. ಆದ್ರ ಹೋದ ವರ್ಷ ಇವ ನನ್ನ ತನ್ನ ಹೊಲಕ್ಕ ಕರದು ಬಡ್ಡಿ ಅಂತ ಜ್ವಾಳಾ ಕೊಟ್ಟಾನ್ರಿ. ಬಡ್ಡಿ ಕೊಟ್ಟಮ್ಯಾಲ ಮುದತು ಹೊಸದಾಗಿ ಸುರು ಆಕ್ಕೈತಲ್ರಿ?"

ಸಾಹೇಬರ ಗತ್ತಿನ ದನಿ: "ಹೌದೇನಪಾ ಮುದಕಪ್ಪ? ಮಾತಿಲ್ಲ. ಅಂದ್ರ ಖರೆ. ಒಂದ ಕಡೆ ಮಾತ ಕೇಳಿ ಏಕತರ್ಫಿ ಹುಕುಂ ಆತು. ಎಮ್ಮಿ ಬಿಚ್ಚರಿ!"

ರಾವಸಾಹೇಬರು ತನ್ನ ಹಿತ್ತಲಿಗೇ ಬಂದರೇ? ಮುದಕಪ್ಪ ತಲೆ ಎತ್ತಿ ನೋಡಬೇಕೆಂದುಕೊಂಡ, ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಎಮ್ಮೆ ಅವನ ಮುಖದ ಮೇಲಿನ ಕಣಿಕೆ ತಿಂದು ಮುಗಿಸಿ ಮೀಸೆ ನೆಕ್ಕತೊಡಗಿತ್ತು.

"ಎಮ್ಮಿ ಒಂದ ಸಾರಿ... ಎರಡ ಸಾರಿ..."

"ಅದು ಬಡ್ಡಿ ಅಲ್ರೀ, ಸೀತನಿ!" ಎಂದು ಒದರುತ್ತ ಮುದಕಪ್ಪ ಕಣಿಕೆ ಸಮೇತ ಎದ್ದು ನಿಂತ. "ಹಸಿ ತೆನಿ ಸುಟ್ಟು ತಿನ್ನಾಕ ಕರದಿದ್ದೆ! ಊರ ಮಂದೀನೆಲ್ಲಾ ಕರದಿದ್ದೆ! ಶೇಂಗಾ ಹಿಂಡಿ ಹಚಗೊಂಡು ಹೊಟ್ಟಿತುಂಬ ತಿಂದು ಹ್ವಾದಾವ ಈಗ ಬಡ್ಡಿ ಅಂತಾನ?"

ಎದುರಿಗೆ ಬೇಲೀಫನೂ ಇಲ್ಲ, ಸಾವಕಾರನೂ ಇಲ್ಲ. ಸೆರಗನ್ನು ರುಮಾಲಿನಂತೆ ಸುತ್ತಿಕೊಂಡ ಗುರುಬಸವ್ವ ಒಬ್ಬಳೇ. ಬಾಯವ್ವ ಎಮ್ಮೆಯ ಹಗ್ಗ ಹಿಡಿದು ನಗು ತಡೆಯಲಾರದೆ ಗೋಡೆಗೆ ಒರಗಿದ್ದಳು.

"ಯಕ್ಕಾ! ಹಾಸ್ಯ ಮಾಡಾಕ ನನ್ನ ಎಮ್ಮೀನ ಸಿಕ್ಕಿತೇನು?"

"ಹಾಸ್ಯ ಅಲ್ಲಪಾ. ಶಟ್ಟೆಪ್ಪ ದಾವೇದಾಗ ಬರಸಿದ್ದು ಇದನ್ನ, ಆ ಕಾಗದದಾಗ ಐತಿ. ನೀ ಮುಟ್ಟಿದ್ರ ಗೊತ್ತಾಗತಿತ್ತು. ಈಗ ಇಲ್ಲಿ ಒದರಿದಿ ನೋಡು, ಅದನ್ನ ಸೋಮವಾರ ಅಲ್ಲಿ ಸಾವಕಾಶ ಹೇಳು. ಎಮ್ಮಿ ಮುಂದ ಹೇಳಿದ್ದು ದಾಖಲ ಆಗಂಗಿಲ್ಲ."

ಮುದಕಪ್ಪ ತಲೆಯಿಂದ ಕಣಿಕೆ ತೆಗೆಯುತ್ತ ಬಾಗಿಲಿಗೆ ಹೋದ. ಸಮನ್ಸನ್ನು ಹರಿಯದಂತೆ ಮೆಲ್ಲಗೆ ಕಿತ್ತ. ಕೈಗೆ ಏನೂ ಆಗಲಿಲ್ಲ.

ಸೋಮವಾರ ಬುತ್ತಿ ಕಟ್ಟಿಕೊಂಡು ಮೂವರೂ ಸವದತ್ತಿಗೆ ನಡೆದರು. ಗುರುಬಸವ್ವನಿಗೆ ಗೊತ್ತಿದ್ದ ವಕೀಲರು ಮುದಕಪ್ಪನ ಮಾತು ಕೇಳಿ ಉತ್ತರ ಬರೆದರು: ಸಾಲ ತೀರಿದೆ, ದಾವೆಯ ಮುದತೂ ಮೀರಿದೆ, ಬಡ್ಡಿಯೆಂದು ಏನನ್ನೂ ಕೊಟ್ಟಿಲ್ಲ. ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಮುದಕಪ್ಪ ಹೆಬ್ಬೆಟ್ಟು ಒತ್ತಿದ. ಅದನ್ನು ಕೋರ್ಟಿಗೆ ಕೊಟ್ಟು ಬರುವ ದಾರಿಯಲ್ಲಿ ಶಟ್ಟೆಪ್ಪ ಬೇರೊಂದು ಕಾಗದ ಮುಂದೆ ಹಿಡಿದು, "ಇಲ್ಲೊಂದು ಹೆಬ್ಬೆಟ್ಟ ಒತ್ತು, ಇಲ್ಲೇ ಮುಗಿಸೋಣು" ಎಂದ. ಮುದಕಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಮುಂದೆ ವಿಚಾರಣೆಯ ದಿನ ಸಾಹೇಬರು ಕೇಳಿದರು: "ಶಟ್ಟೆಪ್ಪನವರ, ಬಡ್ಡಿ ಜ್ವಾಳಾ ಎಷ್ಟಿತ್ತು? ಯಾವುದ್ರಾಗ ಅಳದ್ರಿ?"

"ಅಳಿಯೋದೆಲ್ಲಿ ಬಂತ್ರಿ ರಾವಸಾಹೇಬರ, ಬಿಸಿ ಬಿಸಿ ಇತ್ತಲ್ರೀ, ಕೈ ಸುಡತಿತ್ತು..."

ಕೋರ್ಟು ಗೊಳ್ಳೆಂದಿತು. ದಾವೆ ವಜಾ ಆಯಿತು.

ಓದುವವರೇ, ಕೇಳುವವರೇ, ನಿಮ್ಮ ಬಾಗಿಲಿಗೂ ಇಂಥ ಕಾಗದ ಬಂದರೆ ಅಡಗಬೇಡಿ. ತೆಗೆದುಕೊಳ್ಳಿ, ಬಲ್ಲವರಿಂದ ಪೂರ್ತಿ ಓದಿಸಿ, ಹೇಳಿದ ದಿನಕ್ಕೆ ಹೋಗಿ ನಿಮ್ಮ ಮಾತನ್ನು ಬರೆದುಕೊಡಿ. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಸಾಲ ತೀರಿಸಿದ ದಿನವೇ ಪತ್ರ ತಿರುಗಿ ಇಸಿದುಕೊಳ್ಳಿ. ಹೋದವರೆಲ್ಲ ಗೆಲ್ಲುತ್ತಾರೆಂದಲ್ಲ, ಸಾಲ ನಿಜವಿದ್ದರೆ ಕಂತು ಕೇಳುವುದಕ್ಕಾದರೂ ಎದುರಿಗೆ ನಿಲ್ಲಬೇಕಲ್ಲ!

ಆ ವರ್ಷದ ಸೀತನಿಗೆ ಮುದಕಪ್ಪ ಊರಿನವರನ್ನೆಲ್ಲ ಕರೆದ, ಶಟ್ಟೆಪ್ಪನನ್ನೂ ಬಿಡಲಿಲ್ಲ. ಬಿಸಿ ಕಾಳು ಶಟ್ಟೆಪ್ಪನ ಬೊಗಸೆಗೆ ಬೀಳುವ ಹೊತ್ತಿಗೆ ಬೆನ್ನ ಹಿಂದೆ ಬೇಲೀಫನ ಕೆಮ್ಮು ಕೇಳಿತು: "ಮುದಕಪ್ಪಾ ಹಾಜರ್ ಹೋ!"

"ಹಾಜರದೇನ್ರೀ!" ಎಂದು ಮುದಕಪ್ಪ ಪಕ್ಕದ ಕಣಿಕೆ ಸಿವುಡನ್ನು ತಲೆಯ ಮೇಲೆ ಇಟ್ಟುಕೊಂಡು ಎದ್ದು ನಿಂತ. ಸೆರಗನ್ನು ರುಮಾಲಿನಂತೆ ಸುತ್ತಿದ್ದ ಗುರುಬಸವ್ವನೂ ಸೇರಿ ಹೊಲವೆಲ್ಲ ನಕ್ಕಿತು. ಎಲ್ಲರ ನಗುವೂ ನಿಂತ ಮೇಲೆ ಹೊಳೆಯ ಆಚೆ ದಂಡೆಗೂ ಕೇಳುತ್ತಿದ್ದದ್ದು ಮುದಕಪ್ಪನದು.